ಮೊದಲ ತುತ್ತು

ಗುರುವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಲಕ್ಷ್ಮೀಕಾಂತ್ ಅವರ ಹೊಟ್ಟೆಯಲ್ಲಿ ಸಿಕ್ಕಿದ್ದು ಕುರಿ ತೊಳೆಯುವ ಔಷಧ ಎಂದು ಪ್ರಯೋಗಾಲಯದ ವರದಿ ಹೇಳಿತು.

ವರದಿ ಎರಡು ಹಾಳೆಯದು. ಸಬ್‌ಇನ್‌ಸ್ಪೆಕ್ಟರ್ ಶೋಭಾರಾಣಿ ಅದನ್ನು ಎರಡು ಸಲ ಓದಿದಳು. ಕುರಿಗೆ ಉಣ್ಣಿ ಹತ್ತದಂತೆ ನೀರಿಗೆ ಬೆರೆಸಿ ಮೈ ತೊಳೆಯುವ ಔಷಧ. ಹೊಳಲ್ಕೆರೆ ತಾಲ್ಲೂಕಿನಲ್ಲಿ ಕುರಿ ಸಾಕುವ ಮನೆಗಳಲ್ಲಿ ಅಟ್ಟದ ಮೇಲೆ ಒಂದು ಬಾಟಲಿ ಇದ್ದೇ ಇರುತ್ತದೆ. ಹೊಟ್ಟೆಯಲ್ಲಿ ರಾಗಿ ಇತ್ತು, ಅವರೆಕಾಳು ಇತ್ತು, ಮಜ್ಜಿಗೆ ಇತ್ತು. ಔಷಧ ಯಾವುದರಲ್ಲಿ ಬೆರೆತಿತ್ತು ಎಂಬುದನ್ನು ವರದಿ ಹೇಳಿರಲಿಲ್ಲ.

ಸತ್ತವರು ಎಪ್ಪತ್ತೊಂದು ವರ್ಷದ ನಿವೃತ್ತ ಸ್ಟೇಷನ್ ಮಾಸ್ತರರು. ಮದುವೆಯಾದವರಲ್ಲ. ಚಿಕ್ಕಜಾಜೂರು ಜಂಕ್ಷನ್ನಿನ ಹಿಂದಿನ ಬೀದಿಯಲ್ಲಿ ಒಬ್ಬರೇ ಇದ್ದರು. ನವೆಂಬರ್ ಹದಿನೆಂಟರ ಸೋಮವಾರ ಸಂಜೆ ನಾಲ್ಕು ನಲವತ್ತಕ್ಕೆ ಗೆಳೆಯ ಮೂರ್ತಪ್ಪ ಬಾಗಿಲು ತಳ್ಳಿದಾಗ ಚಾಪೆಯ ಮೇಲೆ ಬಿದ್ದಿದ್ದರು. ಇಪ್ಪತ್ನಾಲ್ಕು ದಿನ ಅದು ಅಸಹಜ ಸಾವಿನ ಕಡತದಲ್ಲಿತ್ತು. ಇವತ್ತು ಕೊಲೆಯಾಯಿತು.

ಸರ್ಕಲ್ ಇನ್‌ಸ್ಪೆಕ್ಟರ್ ಫೋನ್ ಮಾಡಿದರು.

“ಊಟ ತಂದುಕೊಟ್ಟವಳು ಯಾರು?”

“ನಿಂಗಕ್ಕ ಅಂತ, ಸರ್. ರೈಲ್ವೆಯವರು ಐದು ಜನಕ್ಕೆ ಕ್ಯಾರಿಯರ್ ಕೊಡ್ತಾಳೆ. ಆವತ್ತು ಅದೇ ಪಾತ್ರೆಯಿಂದ ತುಂಬಿದ ಉಳಿದ ನಾಲ್ಕು ಕ್ಯಾರಿಯರ್ ಉಂಡವರಿಗೆ ಏನೂ ಆಗಿಲ್ಲ.”

“ಅಂದ್ರೆ ಈ ಒಂದಕ್ಕೇ ಹಾಕಿದಾರೆ. ಖಾಲಿ ಕ್ಯಾರಿಯರ್ ಎಲ್ಲಿ?”

“ತೊಳೆದಿಟ್ಟಿದ್ದಳು.”

“ಅವಳ ಮನೇಲಿ ಕುರಿ?”

“ಮೈದುನಂದು ಅರವತ್ತು ಕುರಿ ಅವೆ. ಅಟ್ಟದ ಮೇಲೆ ಔಷಧದ ಬಾಟಲಿ ಇತ್ತು, ಅರ್ಧ. ನಾಳೆ ಬೆಳಿಗ್ಗೆ ಮಂದೆ ಭದ್ರಾ ನಾಲೆ ಕಡೆ ಹೊರಡುತ್ತೆ. ಅಡುಗೆಗೆ ಅಂತ ಇವಳೂ ಹೋಗ್ತಾಳೆ.”

“ಹಂಗಾದ್ರೆ ಇವತ್ತೇ ತೀರ್ಮಾನ ಆಗ್ಬೇಕು. ಹೊತ್ತು ಮುಳುಗಿದ ಮೇಲೆ ಹೆಂಗಸನ್ನ ಅರೆಸ್ಟ್ ಮಾಡೋಕೆ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು. ಅದಕ್ಕೆ ಮುಂಚೆ ಅರೆಸ್ಟ್ ಮಾಡ್ರಿ. ಇಲ್ಲಾ, ಯಾಕೆ ಮಾಡ್ಲಿಲ್ಲ ಅಂತ ಬರೆದುಕೊಡ್ರಿ.”

ಶೋಭಾರಾಣಿ ಗೋಡೆಯ ಕ್ಯಾಲೆಂಡರ್ ನೋಡಿದಳು. ಸೂರ್ಯಾಸ್ತ ಐದು ಐವತ್ತೇಳು.

ಜೀಪು ಓಡಿಸುತ್ತಿದ್ದವನು ಹೆಡ್ ಕಾನ್‌ಸ್ಟೇಬಲ್ ಎತ್ತಪ್ಪ. ಇಪ್ಪತ್ತೆಂಟು ವರ್ಷದ ನೌಕರಿ. ಅವನದೂ ಕುರಿ ಸಾಕಿದ ಮನೆ.

“ಮೇಡಂ, ಆ ಔಷಧದ ನಾತಕ್ಕೆ ಕುರೀನೇ ಓಡೋಗ್ತವೆ. ಮನ್ಷ ಹೆಂಗ್ ಉಂಡ ಅಂತೀನಿ.”

“ಅವರಿಗೆ ವಾಸನೆ ಗೊತ್ತಾಗ್ತಿರಲಿಲ್ಲ ಎತ್ತಪ್ಪ. ಕೊರೊನಾ ಬಂದು ಹೋದಾಗಿಂದ. ಮೂರ್ತಪ್ಪನವರ ಹೇಳಿಕೇಲಿ ಐತೆ.”

ಎತ್ತಪ್ಪ ಗೇರ್ ಬದಲಿಸಿದ. “ಹಂಗಾದ್ರೆ ಇದು ಗೊತ್ತಿದ್ದೋರು ಮಾಡಿದ್ದೇಯ.”

ದಾರಿಯಲ್ಲಿ ಮಾಸ್ತರರ ಮನೆ. ಮಾಡಿನ ಕೆಳಗೆ, ಬಾಗಿಲ ಪಕ್ಕ, ಒಂದು ಕಪ್ಪು ಹಲಗೆ. ಯಾವ ರೈಲು ಎಷ್ಟು ತಡ ಎಂದು ನಿಲ್ದಾಣದಲ್ಲಿ ಸೀಮೆಸುಣ್ಣದಿಂದ ಬರೆಯುತ್ತಿದ್ದ ಕಾಲದ್ದು. ಹೊಸ ಬೋರ್ಡು ಬಂದಾಗ ಮೂಲೆ ಸೇರಿದ್ದನ್ನು ಕೇಳಿ ತಂದಿದ್ದರು. ಹನ್ನೊಂದು ವರ್ಷ, ದಿನಾ ಬೆಳಿಗ್ಗೆ ಆರಕ್ಕೆ, ಅದರ ಮೇಲೆ ಏಳೆಂಟು ಸಾಲು ಬರೆಯುತ್ತಿದ್ದರು. ವಿಷಯ ಯಾವಾಗಲೂ ಒಂದೇ, ಚೀನಾದ ಕೊನೆಯ ಅರಸರ ಅರಮನೆ.

ಚೀನಾ ಯಾಕೆ ಎಂದು ಕೇಳಿದವರಿಗೆ ಅವರು ಕೊಡುತ್ತಿದ್ದ ಉತ್ತರ ಸಣ್ಣದು. ನೌಕರಿಯಲ್ಲಿದ್ದಾಗ ವಾರಸುದಾರರಿಲ್ಲದ ಪಾರ್ಸೆಲ್‌ಗಳ ಹರಾಜಿನಲ್ಲಿ ಒಂದು ಪೆಟ್ಟಿಗೆ ಕೊಂಡರು. ಪಾತ್ರೆ ಇರಬಹುದು ಎಂದುಕೊಂಡಿದ್ದರು. ತೆರೆದರೆ ಪೀಕಿಂಗ್ ಅರಮನೆಯ ಬಗ್ಗೆ ಹದಿನಾಲ್ಕು ಇಂಗ್ಲಿಷ್ ಪುಸ್ತಕ. ರಾತ್ರಿ ಪಾಳಿಯಲ್ಲಿ ಓದಲು ಬೇರೇನೂ ಇರಲಿಲ್ಲ.

ಸತ್ತ ದಿನದ ಬರಹ ಹಲಗೆಯ ಮೇಲೆ ಹಾಗೇ ಇತ್ತು: ‘ವಿಧವಾ ರಾಣಿ ಸಿಶಿ ತಾನೇ ಬರೆದದ್ದೆಂದು ಹಂಚುತ್ತಿದ್ದ ಹೂವಿನ ಚಿತ್ರಗಳಲ್ಲಿ ಹಲವನ್ನು ಬರೆದವಳು ಮ್ಯಾವ್ ಎಂಬ ಇನ್ನೊಬ್ಬ ವಿಧವೆ. ಅವಳಿಗೆ ಅರಮನೆಯಲ್ಲಿ ಕೆಲಸ ಇತ್ತು. ಸಂಬಳ ಇತ್ತು. ಚಿತ್ರದ ಮೇಲೆ ಅವಳ ಹೆಸರಿರಲಿಲ್ಲ.’

ಹಲಗೆಗೆ ಏರುವ ಮೊದಲು ಪ್ರತಿ ಕಥೆಯನ್ನೂ ಅವರು ಒಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ನಾಳೆಯದನ್ನು ಇವತ್ತೇ ಬರೆದಿಡುವುದು ಪದ್ಧತಿ. ದಿನಕ್ಕೊಂದು ಹಾಳೆ. ಮುಂಭಾಗದಲ್ಲಿ ಆ ದಿನದ ಕಥೆ, ಹಿಂಭಾಗದಲ್ಲಿ ಆ ದಿನ ಮನೆಗೆ ಬಂದುಹೋದವರ ಸಮಯ, ನಿಲ್ದಾಣದ ರೂಢಿಯಂತೆ. ಬಂದುಹೋದವರು ಹೆಚ್ಚಿರಲಿಲ್ಲ. ‘12.48 ಕ್ಯಾರಿಯರ್. 4.40 ಮೂರ್ತಪ್ಪ.’ ವರ್ಷಗಟ್ಟಲೆ ಅವೆರಡೇ ಸಾಲು.

ಆ ರಿಜಿಸ್ಟರು ಹಿಂದಿನ ದಿನವಷ್ಟೇ ಶೋಭಾರಾಣಿಯ ಕೈಗೆ ಬಂದಿತ್ತು. ರಾತ್ರಿ ಊಟವಾದ ಮೇಲೆ ಕ್ವಾರ್ಟರ್ಸಿನಲ್ಲಿ ಕೂತು ಓದಿದ್ದಳು. ಹೊಸದುರ್ಗದ ಮನೆಯಿಂದ ತಾಯಿ ಎರಡು ಸಲ ಫೋನ್ ಮಾಡಿದ್ದರೂ ಎತ್ತಿರಲಿಲ್ಲ. ಒಂದು ಹಾಳೆಯನ್ನು ಎರಡು ಸಲ ಓದಿದ್ದಳು: ‘1908ರ ನವೆಂಬರ್ 14ರಂದು ದೊರೆ ಗುವಾಂಗ್‌ಶು ಸತ್ತ. ಮರುದಿನ ರಾಣಿ ಸಿಶಿ ಸತ್ತಳು. ನೂರು ವರ್ಷದ ಮೇಲೆ ದೊರೆಯ ಕೂದಲನ್ನು ಪರೀಕ್ಷಿಸಿದರು. ಆರ್ಸೆನಿಕ್ ಸಿಕ್ಕಿತು. ಕೊಟ್ಟವರು ಯಾರು ಎಂದು ಕೂದಲು ಹೇಳುವುದಿಲ್ಲ.’

ನಿಂಗಕ್ಕನ ಮನೆ ರೈಲ್ವೆ ಗೇಟಿನಾಚೆ. ಜೀಪು ನಿಂತಾಗ ನಾಲ್ಕು ಗಂಟೆ ಐದು ನಿಮಿಷ.

ಹೆಂಗಸನ್ನು ಪ್ರಶ್ನಿಸಬೇಕಾದರೆ ಅವಳ ಮನೆಯಲ್ಲೇ ಪ್ರಶ್ನಿಸಬೇಕು ಎಂದು ಕಾನೂನು. ಮನೆ ಎಂದರೆ ಇಲ್ಲಿ ಒಂದು ಪಡಸಾಲೆ, ಮಧ್ಯೆ ಹಳೇ ಸೀರೆಯ ಪರದೆ. ಪರದೆಯ ಈಚೆ ಗಂಡ ಸತ್ತ ನಿಂಗಕ್ಕ, ಆಚೆ ಮೈದುನ ಮಾರಣ್ಣ ಮತ್ತು ಅವನ ಹೆಂಡತಿ ಹುಚ್ಚಕ್ಕ. ಯಾರು ಮಗ್ಗುಲು ಬದಲಿಸಿದರೂ ಇನ್ನೊಬ್ಬರಿಗೆ ಕೇಳಿಸುತ್ತದೆ.

ಮಾರಣ್ಣ ಜಗಲಿಯ ಮೇಲೆ ನಾಳೆಯ ಪ್ರಯಾಣಕ್ಕೆ ಕಂಬಳಿ ಮಡಚುತ್ತಿದ್ದ. ನಿಂಗಕ್ಕ ಚಾಪೆ ಹಾಸಿದಳು. ಐವತ್ತೆಂಟು ವರ್ಷ, ಒಣಕಲು ಮೈ, ಒಲೆಯ ಮುಂದೆ ಕೆಂಪಾದ ಕಣ್ಣು.

“ಬರ್ರಿ ಅಮ್ಮಾರೆ, ಕುಂತ್ಕಳ್ರಿ. ಟೀ ಕಾಸ್ಲಾ?”

“ಬೇಡ ನಿಂಗಕ್ಕ. ಆ ಸೋಮವಾರ ಮಾಸ್ತರಿಗೆ ಊಟ ಕೊಟ್ಟಿದ್ದು ಎಷ್ಟೊತ್ತಿಗೆ?”

“ಹನ್ನೆರಡೂ ಮುಕ್ಕಾಲು. ಗೂಡ್ಸು ಗಾಡಿ ನಿಂತಿತ್ತು.”

“ಒಳಗೆ ಹೋಗಿದ್ರಾ?”

“ಇಲ್ಲ. ಬಾಗ್ಲಾಗೆ ಇಟ್ಟು ಬಂದೆ. ಒಂದೂವರೆಗೆ ಹೋಗಿ ಖಾಲಿದು ತಗಂಡು ಬಂದೆ. ಅದೂ ಬಾಗ್ಲಾಗೇ ಇತ್ತು.”

“ದಿನಾ ಹಂಗೇನಾ?”

“ದಿನಾ ಹಂಗೇಯ.”

ಜಗಲಿಯಿಂದ ಮಾರಣ್ಣ ದೊಡ್ಡ ದನಿಯಲ್ಲಿ ಹೇಳಿದ: “ಬರ್ಕಳ್ರಿ ಮೇಡಮ್ಮಾರೆ. ನಮ್ಮನೆ ಹೆಂಗಸ್ರು ಪರರ ಮನೆ ಹೊಸ್ತಿಲು ದಾಟೋರಲ್ಲ.”

“ಏನಪ್ಪ, ನಿನ್ನ ಯಾರು ಕೇಳಿದ್ರು? ನೀನು ಕಂಬ್ಳಿ ಮಡಚು,” ಎಂದ ಎತ್ತಪ್ಪ.

ಶೋಭಾರಾಣಿ ಪೆನ್ನನ್ನು ಕೆಳಗಿಟ್ಟಳು. “ಮಾಸ್ತರ ಹಲಗೆ ಕಥೆ ನಿಮಗೆ ಗೊತ್ತಿತ್ತಾ ನಿಂಗಕ್ಕ?”

“ನಂಗೆಲ್ಲಿ ಓದು ಬತ್ತೈತೆ? ಕ್ಯಾರಿಯರ್ ಕೊಡಾಕೆ ಹೋದಾಗ ಹಳಿ ರಿಪೇರಿ ಗ್ಯಾಂಗಿನೋರು ಓದಿ ಹೇಳೋರು.”

“ಯಾವುದಾದ್ರೂ ಹೇಳಿ, ಕೇಳೋಣ.”

ನಿಂಗಕ್ಕ ಅನುಮಾನದಿಂದ ನೋಡಿದಳು. ಆಮೇಲೆ ಅವಳ ಮುಖ ಸಡಿಲಾಯಿತು. ಈ ಇಪ್ಪತ್ನಾಲ್ಕು ದಿನದಲ್ಲಿ ಅವಳನ್ನು ಯಾರೂ ಇದನ್ನು ಕೇಳಿರಲಿಲ್ಲ.

“ಆ ಮುದ್ಕಿ ರಾಣಿಗೆ ಉಗುರು ನಾಕು ಬೆರಳುದ್ದ ಇದ್ವಂತೆ ಅಮ್ಮಾರೆ. ಮುರೀಬಾರ್ದು ಅಂತ ಅದ್ಕೆ ಚಿನ್ನದ ಗವಸು ಬ್ಯಾರೆ. ಮುದ್ದೆ ಹೆಂಗ್ ಮುರೀತಿದ್ಳೋ ಅಂತ ನಾನು. ಮುದ್ದೆ ಎಲ್ಲಿಂದ ಬರ್ಬೇಕೇ ಅಲ್ಲಿ, ಕಡ್ಡೀಲಿ ಉಣ್ತಾರೆ ಅಂತ ಅವ್ರು…” ಅಲ್ಲಿಗೆ ನಿಂತು, “ಅಂತ ಗ್ಯಾಂಗಿನೋರು,” ಎಂದಳು.

“ಕೊನೇಗೆ ಕೇಳಿದ ಕಥೆ ಯಾವುದು?”

“ಫೋನಿಂದು.”

“ಹೇಳಿ.”

“ದೊರೆತನ ಎಲ್ಲ ಹೋದಮ್ಯಾಲೆ ಒಬ್ಬ ಹುಡುಗ ದೊರೆ ಉಳ್ಕಂಡಿದ್ನಂತೆ, ಹದಿನೈದು ವರ್ಷದೋನು. ಅರಮನೆ ಐತೆ, ಆಳು ಅವ್ರೆ, ಆಚಿಗ್ ಮಾತ್ರ ಹೋಗಂಗಿಲ್ಲ. ಹಟ ಮಾಡಿ ಫೋನು ಹಾಕಿಸ್ಕಂಡ. ಹಾಕಿಸ್ಕಂಡಮ್ಯಾಲೆ ಯಾರಿಗ್ ಮಾಡ್ಬೇಕು? ಗುರುತಿರೋರು ಒಬ್ರೂ ಇಲ್ಲ. ನಂಬರ್ ಬುಕ್ಕಾಗೆ ನೋಡಿ ಯಾವ್ದೋ ಹೋಟ್ಲಿಗೆ ಮಾಡಿ, ಇಂಥಾ ಮನಿಗೆ ಇಷ್ಟು ಊಟ ಕಳಿಸ್ರಿ ಅಂತ ಸುಳ್ಳು ವಿಳಾಸ ಹೇಳಿ ಇಟ್ಟುಬಿಟ್ನಂತೆ.” ಅವಳು ನಕ್ಕಳು. “ಪಾಪ, ಆ ಊಟ ತಗಂಡು ಹೋದೋನ ಗತಿ ನೋಡ್ರಿ. ನಂಗಾದ್ರೆ ಸಿಟ್ಟು ಬರ್ತಿತ್ತು.”

“ಇದನ್ನ ಯಾರು ಓದಿ ಹೇಳಿದ್ರು?”

“ಗ್ಯಾಂಗಿನೋರೇ.”

“ಈ ಕಥೆ ಹಲಗೆ ಮೇಲೆ ಬರಲೇ ಇಲ್ಲ ನಿಂಗಕ್ಕ.”

ಶೋಭಾರಾಣಿ ಚೀಲದಿಂದ ರಿಜಿಸ್ಟರು ತೆಗೆದು ಕೊನೆಯ ಬರಹವಿದ್ದ ಹಾಳೆ ತೋರಿಸಿದಳು. ಮೇಲ್ಗಡೆ ನವೆಂಬರ್ ಹತ್ತೊಂಬತ್ತು ಎಂದಿತ್ತು.

“ಇದು ಮಂಗಳವಾರ ಹಲಗೆಗೆ ಬರಬೇಕಿತ್ತು. ಬರೆದಿದ್ದು ಸೋಮವಾರ. ಸೋಮವಾರವೇ ಅವರು ತೀರಿಕೊಂಡ್ರು. ಇದನ್ನ ಓದಿದವಳು ನಾನೊಬ್ಬಳೇ, ನಿನ್ನೆ ರಾತ್ರಿ. ಸೋಮವಾರ ಅವರ ಬಾಯಿಂದ ಕೇಳದೆ ಇದು ಇನ್ಯಾರಿಗೂ ಗೊತ್ತಿರೋಕೆ ಸಾಧ್ಯ ಇಲ್ಲ.”

ಪರದೆಯಾಚೆ ಪಾತ್ರೆ ತಿಕ್ಕುವ ಸದ್ದು ನಿಂತಿತು.

ನಿಂಗಕ್ಕ ಪರದೆಯ ಕಡೆ ನೋಡಿದಳು, ಜಗಲಿಯ ಕಡೆ ನೋಡಿದಳು. ಆಮೇಲೆ ಬಹಳ ಮೆಲ್ಲಗೆ, “ಇಲ್ಲಿ ಬ್ಯಾಡ ಅಮ್ಮಾರೆ. ಮಾಸ್ತರ ಮನಿಗೆ ಹೋಗಾಣ,” ಎಂದಳು.

ಅವಳಾಗಿಯೇ ಹೇಳಿದ್ದು ಎಂದು ಶೋಭಾರಾಣಿ ಸಮಯ ಸಹಿತ ಬರೆದುಕೊಂಡಳು. ಹೊಸ್ತಿಲು ದಾಟುವಾಗ ಹುಚ್ಚಕ್ಕ ಒಳಗಿನಿಂದ, “ಹೋಗು ಹೋಗು. ಮಾಸ್ತರು ಇಲ್ದಿದ್ರೂ ಆ ಮನೆ ನಿನ್ನ ಬಿಡವಲ್ದು,” ಎಂದಳು. ಮಾರಣ್ಣ ಕಂಬಳಿಗೆ ಹಗ್ಗ ಬಿಗಿದ.

ಮಾಸ್ತರರ ಮನೆ ಮುಚ್ಚಿದ ಮನೆಯ ವಾಸನೆ ಹಿಡಿದಿತ್ತು. ನಡುಮನೆ, ಅಡುಗೆಮನೆ, ಅಷ್ಟೇ. ಗೋಡೆಯ ಗಡಿಯಾರ ಎರಡೂ ಇಪ್ಪತ್ತಕ್ಕೆ ನಿಂತಿತ್ತು. ನಿಂಗಕ್ಕ ನೇರ ಅಡುಗೆಮನೆಗೆ ಹೋಗಿ ರಾಗಿ ಡಬ್ಬದ ಹಿಂದಿನಿಂದ ಒಂದು ಸ್ಟೀಲ್ ತಟ್ಟೆ ತೆಗೆದಳು. ಅವಳ ಕೈ ಹುಡುಕಲಿಲ್ಲ.

“ಇದು ನಂದು,” ಎಂದಳು.

ಹೊರಗೆ ಬಾಗಿಲ ಬಳಿ ಎತ್ತಪ್ಪ ನಿಂತಿದ್ದ. ಶೋಭಾರಾಣಿ ಚಾಪೆಯ ಮೇಲೆ ಕೂತಳು.

“ಜಡ್ಡು ಬಂದು ಹೋದಮ್ಯಾಲೆ ಅವ್ರಿಗೆ ವಾಸ್ನೆ ಹೋಗಿತ್ತು. ಒಂದಿನ ಆ ಹುಡುಗ ದೊರೆ ಕಥೆ ಹೇಳಿದ್ರು. ಅವ್ನು ಉಣ್ಣೋ ಒಂದೊಂದು ಬಟ್ಲಾಗೂ ಬೆಳ್ಳಿ ತಗಡು ಇಡ್ತಿದ್ರಂತೆ, ವಿಷ ಇದ್ರೆ ಕಪ್ಪಾಗ್ಲಿ ಅಂತ. ಅದೂ ಸಾಲ್ದು ಅಂತ ಒಬ್ಬ ಚಾಕರ ಮೊದಲ ತುತ್ತು ತಿಂದು ನೋಡ್ಬೇಕು. ಅದಾದಮ್ಯಾಲೆ ದೊರೆ ಊಟ. ‘ನಂಗೆ ಮೂಗಿಲ್ಲ ನಿಂಗಕ್ಕ, ಹಳಸಿದ್ರೂ ಗೊತ್ತಾಗಲ್ಲ. ಇನ್ಮ್ಯಾಲೆ ನೀನೇ ನನ್ ಬೆಳ್ಳಿ ತಗಡು’ ಅಂದ್ರು.”

“ನೀವು ತಿಂದ್ರಾ?”

“ಮೊದ್ಲು ಒಂದು ತುತ್ತು ತಿಂದೆ, ನಿಂತ್ಕಂಡೇ. ಮಾರನೇ ದಿನ ಕುಂತ್ಕ ಅಂದ್ರು. ಆಮ್ಯಾಲೆ ಅರ್ಧ ಮುದ್ದೆ. ಒಂದಿನ ಈ ತಟ್ಟೆ ತಂದಿಟ್ರು, ಹೊಳಲ್ಕೆರೆ ಸಂತೇಲಿ ತಂದಿದ್ದು. ನಾನು ಉಂಡು ಸರಿ ಐತೆ ಅಂದ್ಮ್ಯಾಲೆ ಅವ್ರು ಕೈ ಹಾಕೋರು. ನಾಳೆ ಕಥೆ ಓದೋರು. ಮೂರು ವರ್ಷ ಹಿಂಗೇ.”

“ಮೂರು ವರ್ಷದಲ್ಲಿ ಯಾವತ್ತಾದ್ರೂ ಹಳಸಿತ್ತಾ?”

“ಒಲೆ ಮ್ಯಾಲಿಂದ ಇಳಿಸಿ ತಂದಿದ್ದು ಹೆಂಗ್ ಹಳಸ್ತೈತೆ ಅಮ್ಮಾರೆ?” ನಿಂಗಕ್ಕ ತಟ್ಟೆಯ ಅಂಚನ್ನು ಸೆರಗಿನಿಂದ ಒರೆಸಿದಳು. “ಅವ್ರಿಗೂ ಗೊತ್ತಿತ್ತು.”

ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಳು.

“ನನ್ ಗಂಡ ಗೊಲ್ಲಪ್ಪ ಇದ್ದಾಗ್ಲೂ ಅವನೆದ್ರಿಗೆ ಕುಂತು ಉಂಡೋಳಲ್ಲ ನಾನು. ಅವ್ನು ಉಂಡು ಎದ್ದಮ್ಯಾಲೆ ಒಲೆ ಮಗ್ಗುಲಾಗೆ ಉಣ್ತಿದ್ದೆ. ಇದು ಗೊತ್ತಾದ್ರೆ ಮಾರಣ್ಣ ಮನೆ ಬಿಡಿಸ್ತಾನೆ. ಅದ್ಕೇ ಹೇಳ್ಲಿಲ್ಲ. ಬ್ಯಾರೆ ಏನೂ ಇಲ್ಲ, ಉಂಡಿದ್ದು ಅಷ್ಟೇಯ.”

ಶೋಭಾರಾಣಿ ಕೈಗಡಿಯಾರ ನೋಡಿಕೊಂಡಳು. ನಾಲ್ಕೂ ಐವತ್ತು. ಇನ್ನೂ ಒಂದು ಗಂಟೆ ಏಳು ನಿಮಿಷ. ಯಾಕೆ ಬಂಧಿಸಲಿಲ್ಲ ಎಂದು ಬರೆದುಕೊಡಲು ಸಾಕು.

“ನಿಂಗಕ್ಕ, ಕೇಳಿಸ್ಕೊಳ್ರಿ. ಆ ಊಟದಲ್ಲಿ ವಿಷ ಇತ್ತು ಅಂತ ವರದಿ ಬಂದಿದೆ. ಅದೇ ಕ್ಯಾರಿಯರಿನ ಊಟ ನೀವೂ ಉಂಡಿದ್ದೀರಿ, ಅವರಿಗಿಂತ ಮೊದಲು ಉಂಡಿದ್ದೀರಿ, ನಿಮಗೆ ಏನೂ ಆಗಿಲ್ಲ. ಅಂದ್ರೆ ವಿಷ ಕ್ಯಾರಿಯರಿನಲ್ಲಿ ಇರಲಿಲ್ಲ. ಹಾಕಿದ್ದು ನೀವಲ್ಲ. ಇದನ್ನ ಬರೆದು ಓದಿ ಹೇಳ್ತೀನಿ, ಹೆಬ್ಬೆಟ್ಟು ಒತ್ತಿ. ಮನೆಯವರಿಗೆ ನಾನು ಹೇಳಲ್ಲ.”

ಅವಳು ಬರೆಯತೊಡಗಿದಳು. ಹೇಳಿಕೆ ಒಂದೂವರೆ ಹಾಳೆ ಆಯಿತು.

“ಆವತ್ತು ಏನೇನು ಉಂಡ್ರಿ? ಅವರೆಕಾಳು ಸಾರು, ಮಜ್ಜಿಗೆ, ಎರಡೂ?”

“ಯಾವತ್ತು?”

“ಹದಿನೆಂಟನೇ ತಾರೀಕು.”

“ಆವತ್ತು ನಾನು ಉಣ್ಲಿಲ್ಲ.”

ಪೆನ್ನು ನಿಂತಿತು.

“ಕಾರ್ತೀಕ ಸೋಮಾರ ಅಲ್ಲವ್ರಾ? ನಂದು ಒಪ್ಪತ್ತು. ಹೊತ್ತು ಮುಳುಗಿ ದೀಪ ಹಚ್ಚೋವರ್ಗೂ ಬಾಯಿಗೆ ನೀರೂ ಹಾಕಲ್ಲ. ಅವ್ರಿಗೂ ಗೊತ್ತಿತ್ತು. ‘ಇವತ್ತು ಬೆಳ್ಳಿ ತಗಡು ರಜಾ’ ಅಂತ ನಕ್ರು. ಕ್ಯಾರಿಯರ್ ಮುಚ್ಚಳ ಅವ್ರೇ ತೆಗ್ದು ಬಡಿಸ್ಕಂಡ್ರು. ಊಟದ ವಾಸ್ನೆ ಬ್ಯಾಡ ಅಂತ ನಾನು ಅಲ್ಲಿ ಹೊಸ್ತಿಲ ಮ್ಯಾಲೆ ದೂರ ಕುಂತಿದ್ದೆ. ಫೋನಿನ ಕಥೆ ಓದಿದ್ರು. ಮಜ್ಜಿಗೆ ಕುಡಿದ್ರು. ನಾನು ಕ್ಯಾರಿಯರ್ ತಗಂಡು ಎದ್ದೆ.”

ಶೋಭಾರಾಣಿಯ ತಾಯಿಯೂ ಕಾರ್ತಿಕ ಸೋಮವಾರ ಒಪ್ಪತ್ತು ಮಾಡುವವರೇ. ಕಡತದಲ್ಲಿ ‘ಸೋಮವಾರ’ ಎಂದು ಅವಳು ತನ್ನ ಕೈಯಿಂದಲೇ ನಾಲ್ಕು ಕಡೆ ಬರೆದಿದ್ದಳು.

“ನಿಂಗಕ್ಕ, ಇದನ್ನ ಬರೆದ್ರೆ ಏನಾಗುತ್ತೆ ಗೊತ್ತಾ?”

“ಏನಾಗ್ತೈತೆ?”

“ಮೂರು ವರ್ಷ ಉಂಡವರು ಆ ಒಂದು ದಿನ ಉಣ್ಣಲಿಲ್ಲ ಅಂತಾಗುತ್ತೆ.”

ನಿಂಗಕ್ಕ ಯೋಚಿಸಿದಳು. “ಉಣ್ಲಿಲ್ವಲ್ಲ ಅಮ್ಮಾರೆ. ದೇವ್ರ ವಾರ. ಉಂಡೆ ಅಂತ ಹೆಂಗ್ ಹೇಳ್ಲಿ?”

ಎತ್ತಪ್ಪ ಬಾಗಿಲಿಂದ ಒಳಗೆ ತಲೆ ಹಾಕಿದ. “ಮೇಡಂ, ನಂಗೇನೂ ಕೇಳ್ಸಿಲ್ಲ. ಆ ಒಂದು ಸಾಲು ಬಿಟ್ಟುಬಿಡ್ರಿ. ಯಾರಿಗ್ ಗೊತ್ತಾಗ್ತೈತೆ?”

ಶೋಭಾರಾಣಿ ಪೆನ್ನನ್ನು ಮತ್ತೆ ಹಾಳೆಗೆ ಹಚ್ಚಿದಳು. ಆ ಸಾಲನ್ನು ನಿಂಗಕ್ಕ ಹೇಳಿದ ಮಾತಿನಲ್ಲೇ ಬರೆದಳು. ಬರೆದಾದ ಮೇಲೆ ಕೇಳಿದಳು: “ನೀವು ಸೋಮವಾರ ಒಪ್ಪತ್ತು ಅಂತ ಯಾರಿಗೆ ಗೊತ್ತು?”

“ಬೀದಿಗೆಲ್ಲ ಗೊತ್ತೈತೆ.”

“ಇಲ್ಲಿ ಉಣ್ತೀರಿ ಅಂತ?”

“ಯಾರಿಗೂ ಗೊತ್ತಿಲ್ಲ.” ತುಸು ತಡೆದಳು. “ಒಬ್ರು ನೋಡಿದ್ರು. ಹಿಂದಿನ ದಿನ, ಭಾನುವಾರ. ಮಾಸ್ತರ ಅಣ್ಣನ ಮಗ, ಹಿರಿಯೂರಿನೋನು, ರಂಗಸ್ವಾಮಿ. ಹೇಳ್ದೆ ಕೇಳ್ದೆ ಒಳಗೆ ಬಂದ. ನಾನು ಉಣ್ತಾ ಕುಂತಿದ್ದೆ. ಎದ್ದು ಹೋಗಾಕೂ ಆಗ್ಲಿಲ್ಲ, ಕೈ ಎಂಜಲು.”

ರಂಗಸ್ವಾಮಿ ಈ ಪ್ರಕರಣದ ದೂರುದಾರ, ಮಾಸ್ತರರಿಗಿದ್ದ ಒಬ್ಬನೇ ವಾರಸುದಾರ. ದೂರನ್ನು ಬರೆದುಕೊಂಡವಳು ಶೋಭಾರಾಣಿಯೇ. ‘ಚಿಕ್ಕಪ್ಪನ ಮನೆಗೆ ನಾನು ಎರಡು ವರ್ಷದಿಂದ ಬಂದಿರುವುದಿಲ್ಲ’ ಎಂಬ ವಾಕ್ಯ ಅದರಲ್ಲಿತ್ತು, ಕೆಳಗೆ ಅವನ ಸಹಿ ಇತ್ತು.

ಅವಳು ರಿಜಿಸ್ಟರಿನ ಹಿಂಬದಿಗಳನ್ನು ತಿರುವಿದಳು. ಬಂದುಹೋದವರ ಸಮಯ ಬರೆಯದೆ ಮಾಸ್ತರರು ಒಂದು ದಿನವೂ ಬಿಟ್ಟವರಲ್ಲ. ಹದಿನಾರನೇ ತಾರೀಕು ಇತ್ತು. ಅದರ ಮುಂದೆ ಹದಿನೆಂಟು. ಹಾಳೆಗಳಿಗೆ ಅಚ್ಚಾದ ಸಂಖ್ಯೆ ಇತ್ತು, 211 ಆದ ಮೇಲೆ 213. ಮಧ್ಯದ ಹಾಳೆಯನ್ನು ಬ್ಲೇಡಿನಿಂದ, ಹೊಲಿಗೆಗೆ ತಾಗುವಂತೆ, ನೀಟಾಗಿ ತೆಗೆಯಲಾಗಿತ್ತು. ಹಿಂದಿನ ರಾತ್ರಿ ಅವಳು ಕಥೆ ಓದಿದ್ದಳೇ ಹೊರತು ಸಂಖ್ಯೆ ನೋಡಿರಲಿಲ್ಲ.

ತಿಥಿಯ ದಿನದಿಂದ ನಿನ್ನೆಯವರೆಗೆ ಈ ಮನೆಯ ಬೀಗದ ಕೈ ರಂಗಸ್ವಾಮಿಯ ಹತ್ತಿರ ಇತ್ತು, ರಿಜಿಸ್ಟರು ಇದ್ದದ್ದೂ ಒಳಗೇ.

ಐದು ಹದಿನೆಂಟಕ್ಕೆ ಅವಳು ಸರ್ಕಲ್ ಇನ್‌ಸ್ಪೆಕ್ಟರಿಗೆ ಎಲ್ಲವನ್ನೂ ಹೇಳಿದಳು.

“ಭಾನುವಾರ ಅವನು ಬಂದಿದ್ದ ಅನ್ನೋದಕ್ಕೆ ಸಾಕ್ಷಿ?” ಎಂದು ಅವರು ಕೇಳಿದರು.

“ನಿಂಗಕ್ಕನ ಮಾತು.”

“ಆರೋಪಿ ಮಾತು. ಹಾಳೆ ಕಿತ್ತಿದ್ದು ಅವನೇ ಅಂತ?”

“ಇಲ್ಲ ಸರ್.”

“ಊಟ ಕೊಟ್ಟವಳು ಅವಳು. ಆ ಒಂದು ದಿನ ಉಣ್ಣದವಳು ಅವಳು. ಕ್ಯಾರಿಯರ್ ತೊಳೆದವಳು, ಮೂರು ವಾರ ಸುಳ್ಳು ಹೇಳಿದವಳು ಅವಳೇ. ಔಷಧ ಅವಳ ಮನೇಲಿ. ಹಿರಿಯೂರಿಗೆ ಬೆಳಿಗ್ಗೆ ಹೋಗ್ರಿ, ಬೇಡ ಅನ್ನಲ್ಲ. ಇವತ್ತಿನ ಕೆಲಸ ಇವತ್ತು ಮುಗಿಸ್ರಿ.”

ಅವರು ಹೇಳಿದ್ದರಲ್ಲಿ ಕಡತಕ್ಕೆ ವಿರುದ್ಧವಾದದ್ದು ಒಂದೂ ಇರಲಿಲ್ಲ.

ಬಂಧನ ಪತ್ರಕ್ಕೆ ಮನೆಯವರ, ಇಲ್ಲವೇ ಊರಿನ ಒಬ್ಬ ಗೌರವಸ್ಥರ ಸಹಿ ಬೇಕು. ಎತ್ತಪ್ಪ ಗೇಟಿನಾಚೆ ಹೋಗಿ ಬಂದ. ಮಾರಣ್ಣ ಸಹಿ ಹಾಕುವುದಿಲ್ಲ ಎಂದಿದ್ದ. “ಅವ್ಳು ನಮ್ಮ ಮನೆಯೋಳಲ್ಲ ಅಂತ ಬರ್ಕಳ್ರಿ ಅಂದ ಮೇಡಂ. ಕಾರಣ ಕೇಳಿದ್ರೆ, ಪರರ ಮನೇಲಿ ಉಂಡೋಳು ಅಂದ.”

ಅದನ್ನು ಮಾರಣ್ಣನಿಗೆ ಯಾರೂ ಹೇಳಿರಲಿಲ್ಲ.

ಶೋಭಾರಾಣಿ ತಲೆ ಎತ್ತಿದಳು. “ಏನಂದ? ಸರಿಯಾಗಿ ಹೇಳು.”

“ಪರರ ಮನೇಲಿ ಉಂಡೋಳು ಅಂತ. ಅಷ್ಟೇಯ.”

ಅಷ್ಟರಲ್ಲಿ ಮೂರ್ತಪ್ಪ ಬಂದರು. ಗೆಳೆಯ ಸತ್ತ ಮೇಲೂ ಅವರು ದಿನಾ ಸಂಜೆ ಈ ಬೀದಿಯನ್ನು ಒಂದು ಸುತ್ತು ಹಾಕಿ ಹೋಗುತ್ತಿದ್ದರು. ಜೀಪು ಕಂಡು ನಿಂತಿದ್ದರು. ನಿಂಗಕ್ಕನ ಕೈಯಲ್ಲಿದ್ದ ತಟ್ಟೆಯನ್ನು ನೋಡಿದರು. ಸಹಿಗೆ ಯಾರೂ ಇಲ್ಲ ಎಂದು ಎತ್ತಪ್ಪ ಹೇಳಿದ. ಪೆನ್ನಿಗೆ ಕೈ ಚಾಚಿದರು.

“ಸಂಬಂಧ ಅಂತ ಐತಲ್ಲ ಇಲ್ಲಿ. ಏನು ಬರೀಲಿ?”

“ಪರಿಚಯದವರು ಅಂತ ಬರೀರಿ,” ಎಂದಳು ಶೋಭಾರಾಣಿ.

ಸಮಯದ ಜಾಗದಲ್ಲಿ ಅವಳು ಐದು ನಲವತ್ತೊಂದು ಎಂದು ತುಂಬಿದಳು. ನಿಂಗಕ್ಕ ಹೆಬ್ಬೆಟ್ಟು ಒತ್ತಿ, ಶಾಯಿಯ ಬೆರಳನ್ನು ಎಲ್ಲಿ ಒರೆಸಬೇಕು ಎಂದು ತಿಳಿಯದೆ ಹಾಗೇ ಹಿಡಿದುಕೊಂಡು ನಿಂತಳು.

“ಮೂರ್ತಪ್ಪನವರೇ, ಹದಿನೇಳನೇ ತಾರೀಕು, ಭಾನುವಾರ. ಹಿರಿಯೂರಿನ ರಂಗಸ್ವಾಮಿಯನ್ನ ಈ ಊರಲ್ಲಿ ನೋಡಿದ್ರಾ?”

“ನೋಡಿದ್ದೆ. ಮಧ್ಯಾಹ್ನ ಎರಡರ ಹೊತ್ತಿಗೆ, ಸ್ಟೇಷನ್ನಿನ ಟೀ ಅಂಗಡಿ ಬೆಂಚಿನ ಮೇಲೆ ಕುಂತಿದ್ದ.”

“ಮೊದಲೇ ಯಾಕೆ ಹೇಳಲಿಲ್ಲ?”

“ನೀವು ಕೇಳಿದ್ದು ಸೋಮವಾರದ್ದು.”

“ಒಬ್ಬನೇ ಇದ್ದನಾ?”

“ಇಲ್ಲ. ಮಾರಣ್ಣ ಜೊತೆಗಿದ್ದ. ಇಬ್ಬರೂ ತಲೆ ಬಗ್ಗಿಸಿ ಮಾತಾಡ್ತಿದ್ರು. ನನ್ನ ನೋಡಿ ಮಾರಣ್ಣ ಎದ್ದು ಹೋದ.”

ನಿಂಗಕ್ಕ ಎರಡು ಕೈಯಲ್ಲೂ ತಟ್ಟೆ ಹಿಡಿದುಕೊಂಡಳು.

“ನಿಂಗಕ್ಕ, ಆ ಸೋಮವಾರ ಕ್ಯಾರಿಯರ್ ತುಂಬಿದ ಮೇಲೆ ಅದನ್ನ ಮನೇಲಿ ಬಿಟ್ಟು ಎಲ್ಲಿಗಾದ್ರೂ ಹೋಗಿದ್ರಾ?”

“ನಲ್ಲಿ ನೀರು ಬಂದಿತ್ತು ಅಮ್ಮಾರೆ. ಎರಡು ಕೊಡ ತರಾಕೆ ಹೋಗಿದ್ದೆ.”

“ಮನೇಲಿ ಯಾರಿದ್ರು?”

“ಮಾರಣ್ಣ,” ಎಂದಳು ನಿಂಗಕ್ಕ.

ಶೋಭಾರಾಣಿ ಮಾರಣ್ಣನ ಮನೆಯ ಮುಂದೆ ಜೀಪಿನಿಂದ ಇಳಿದಾಗ ಆರು ಗಂಟೆ ನಾಲ್ಕು ನಿಮಿಷ. ಹುಚ್ಚಕ್ಕ ಒಬ್ಬಳೇ ಇದ್ದಳು. ಹಿರಿಯೂರಿನಿಂದ ಫೋನ್ ಬಂದಿತ್ತು, ಮಾತಾಡುತ್ತಲೇ ಗಂಡ ಚಪ್ಪಲಿ ಮೆಟ್ಟಿ ಹೊರಟುಹೋದ ಎಂದು ಅವಳು ಹೇಳಿದಳು.